ಹುಳದ ಮನೆಯ ಹೊಸ್ತಿಲು

"ಅಲ್ಲೇ ನಿಂತ್ಕೊಳಮ್ಮ, ಒಳಕ್ಕೆ ಬರ್ಬೇಡ," ಎನ್ನುತ್ತ ಸುನಂದಮ್ಮ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದಳು.

ಚೈತನ್ಯ ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು. ಅವಳ ಕೈಯಲ್ಲಿ ಕಾಲೇಜಿನವರು ಕೊಟ್ಟ ಪ್ಲಾಸ್ಟಿಕ್ ಬುಟ್ಟಿ, ಅದರ ತುಂಬ ಖಾಲಿ ಸೀಸೆಗಳು. ಆವನಿಯ ಆಚೆಗಿನ ಈ ಊರಿನಲ್ಲಿ ಬೆಳಗಿನಿಂದ ಕಂಡ ರೇಷ್ಮೆಹುಳ ಸಾಕುವ ಮನೆಗಳ ಬಾಗಿಲುಗಳೆಲ್ಲ ಹೀಗೇ ಮುಚ್ಚಿದ್ದವು. ಇದು ಸ್ವಂತ ಸೋದರಮಾವನ ಮನೆ, ಇಲ್ಲಾದರೂ ಸಿಗುತ್ತದೆ ಎಂದುಕೊಂಡು ಬಂದಿದ್ದಳು. ಅಣ್ಣ ಮುನೇಶ ಬೈಕಿನಿಂದ ಇಳಿಯದೆ ನೋಡುತ್ತಿದ್ದ.

"ಅತ್ತೆ, ನಾನೇನೂ ಮುಟ್ಟಲ್ಲ. ಕಾಯಿಲೆ ಬಿದ್ದ ಹುಳ ಇದ್ರೆ ನೀವೇ ನಾಲ್ಕು ಎತ್ತಿ ಇದಕ್ಕೆ ಹಾಕ್ಕೊಡಿ, ಸಾಕು."

"ಬಿಡ್ತು ಅನ್ನು. ನಮ್ಮನೇಲಿ ಕಾಯಿಲೆ ಯಾಕ್ ಬರುತ್ತೆ?" ಸುನಂದಮ್ಮ ದನಿ ತಗ್ಗಿಸಿದಳು. "ಬೇರೆ ಯಾರಾದ್ರೂ ಆಗಿದ್ರೆ ಸ್ನಾನ ಮಾಡ್ಕೊಂಡು ಬಾ ಅಂತಿದ್ದೆ ಕಣೇ. ನಿಮ್ಮನೇಲೂ ಹುಳ ಐತಲ್ಲ. ಒಂದು ಹುಳದ ಮನೆಯೋರು ಇನ್ನೊಂದು ಹುಳದ ಮನೆಗೆ ಹೋಗ್ತಾರಾ? ಓದಿದೋಳು, ನೀನೇ ಹೇಳು."

ಅಷ್ಟರಲ್ಲಿ ಮಾವ ಶ್ರೀರಾಮಪ್ಪ ಒಳಗಿನಿಂದ ಒಂದು ಮೂಟೆ ಎಳೆದುಕೊಂಡು ಬಂದ. "ಏಮ್ರಾ ಮುನೇಶು, ಡ್ರೈವರ್ ಕೆಲ್ಸಕ್ಕೆ ಸೇರ್ಕೊಂಡ್ಯಂತೆ?"

"ಹೂಂ ಮಾವ. ಸಂಬಳ ಅವಳಿಗೆ, ಬಿಸಿಲು ನನಗೆ."

ಶ್ರೀರಾಮಪ್ಪ ನಕ್ಕು ಮೂಟೆಯನ್ನು ಬೈಕಿನ ಟ್ಯಾಂಕಿನ ಮೇಲಿಟ್ಟ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಪ್ಲಾಸ್ಟಿಕ್ ಚಂದ್ರಿಕೆಗಳು. "ನಿಮ್ಮಪ್ಪ ಕೇಳಿದ್ದ. ತಗೊಂಡೋಗು, ನಮಗೆ ಸದ್ಯಕ್ಕೆ ಬೇಕಾಗಲ್ಲ."

ತಂಗಿಯನ್ನು ತಡೆದ ಬಾಗಿಲಿನಿಂದಲೇ ಮೂಟೆ ಹೊರಗೆ ಬಂದಿತ್ತು. ಅದು ಆಗ ಯಾರ ಗಮನಕ್ಕೂ ಬರಲಿಲ್ಲ.

ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿದವರಿಗೆ ಬೇಸಿಗೆ ರಜೆಯಲ್ಲಿ ಸಂಶೋಧನೆ ಮಾಡಲು ದುಡ್ಡು ಕೊಡುವ ಯೋಜನೆ ಬಂದಿತ್ತು. ರೇಷ್ಮೆಹುಳಕ್ಕೆ ಬೇಸಿಗೆಯಲ್ಲಿ ಬರುವ ಹಾಲುತೊಂಡೆ ರೋಗ ಮನೆಯಿಂದ ಮನೆಗೆ ಹೇಗೆ ಹಬ್ಬುತ್ತದೆ ಎಂದು ಚೈತನ್ಯ ಬರೆದುಕೊಟ್ಟಿದ್ದಳು. ಆಯ್ಕೆಯಾದಳು. ಆ ದುಡ್ಡು ಬಂದರೆ ಕೊನೆಯ ವರ್ಷದ ಫೀಸು, ಹಾಸ್ಟೆಲ್ಲು ಎರಡೂ ನಡೆಯುತ್ತಿದ್ದವು. ಅಪ್ಪ ಕೋದಂಡರಾಮಪ್ಪ ಒಂದೇ ಮಾತು ಹೇಳಿದ್ದ: "ಕಾಲೇಜೇ ದುಡ್ಡು ಕೊಟ್ಟು ಓದಿಸ್ತದೆ ಅಂದ್ರೆ ಓದ್ಲಿ. ಇಲ್ಲಾಂದ್ರೆ ಇಲ್ಲಿ ಸೊಪ್ಪಿಗೆ ಒಂದಾಳು ಕಮ್ಮಿ ಐತೆ."

ಮುನೇಶನನ್ನು ಒಂಬತ್ತನೇ ಕ್ಲಾಸಿನಿಂದ ಎಳೆದು ತಂದದ್ದೂ ಇದೇ ಮಾತು. ಹುಳದ ಮನೆಗೆ ಯಾವಾಗಲೂ ಒಂದಾಳು ಕಮ್ಮಿಯೇ. ಎಷ್ಟು ಜನರನ್ನು ನುಂಗಿದರೂ ಅದಕ್ಕೆ ಇನ್ನೊಬ್ಬರು ಬೇಕು.

ದಾರಿಯಲ್ಲಿ ಹುಣಸೆಮರದ ನೆರಳಿಗೆ ಬೈಕ್ ನಿಲ್ಲಿಸಿ ಚೈತನ್ಯ ತನ್ನ ಸಂಶೋಧನೆ ನೋಡಿಕೊಳ್ಳುವ ಕಾಲೇಜಿನ ಮೇಡಂಗೆ ಫೋನ್ ಮಾಡಿದಳು. ಪ್ರಿಯಂವದಾ ಮೇಡಂ ಮುಳಬಾಗಿಲಿನವರೇ, ಒಳ್ಳೆಯವರೇ.

"ನಿಮ್ಮದೇ ಹುಳ ಸಾಕೋ ಮನೆ ಅಂತ ತಾನೇ, ಚೈತನ್ಯ, ನಿನ್ನ ಆರಿಸಿದ್ದು? ನಿನಗೆ ಯಾರು ಬೇಡ ಅಂತಾರೆ?"

"ಅದಕ್ಕೇ, ಮೇಡಂ, ಎಲ್ಲರೂ ಬೇಡ ಅಂತಿರೋದು."

"ಬರೋ ಸೋಮವಾರ ಕಮಿಟಿ ಕೂರುತ್ತೆ ಕಣಮ್ಮ. ಕಾಯಿಲೆ ಬಿದ್ದ ಹುಳ ಜೀವಂತ ಬೇಕು, ಯಾವ ಮನೆಯದು ಅಂತ ಗೊತ್ತಿರಬೇಕು. ಒಂದೇ ಒಂದು ಮನೆಯದಾದ್ರೂ ತಂದ್ರೆ ನಾನು ಮಾತಾಡ್ತೀನಿ. ಏನೂ ಇಲ್ಲದೆ ಹೋದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ."

ಮುನೇಶ ಫೋನ್ ಕಿತ್ತುಕೊಂಡು, ನೀವೇ ಒಂದು ದಿನ ಬಂದು ಈ ಬಾಗಿಲುಗಳನ್ನು ತಟ್ಟಿ ನೋಡಿ ಎನ್ನಬೇಕೆಂದುಕೊಂಡ. ಬೈಕಿಗೆ ಒದ್ದ. ಅದೂ ಮೂರು ಸಲ ಒದೆಸಿಕೊಂಡೇ ಶುರುವಾಯಿತು.

ಮನೆಯಲ್ಲೂ ಅವಳಿಗೆ ಮುಚ್ಚಿದ ಇನ್ನೊಂದು ಬಾಗಿಲಿತ್ತು. ಬೇರೆಯವರ ಹುಳದ ಮನೆ ಸುತ್ತುವವಳು ನಮ್ಮ ಹುಳದ ಮನೆಗೆ ಬರಕೂಡದು ಎಂದು ಅಪ್ಪ ಮೊದಲ ದಿನವೇ ಹೇಳಿದ್ದ. ಚೈತನ್ಯಳಿಗೆ ಜಗುಲಿಯ ಮೇಲೆ ಚಾಪೆ, ಅಲ್ಲಿಗೇ ಊಟ. ಊರವರಿಗೆ ಅವಳು ಹುಳದ ಮನೆಯವಳು, ಹುಳದ ಮನೆಯವರಿಗೆ ಊರು ಸುತ್ತುವವಳು. ಅವಳನ್ನು ಬೈಕಿನಲ್ಲಿ ಅದೇ ಬಾಗಿಲುಗಳಿಗೆಲ್ಲ ಕರೆದೊಯ್ದು, ಬಂದವನೇ ನೇರ ಒಳಗೆ ಹೋಗಿ ಸೊಪ್ಪು ಹಾಕುತ್ತಿದ್ದ ಮುನೇಶನನ್ನು ಮಾತ್ರ ಯಾರೂ ತಡೆಯಲಿಲ್ಲ. ತಡೆದರೆ ಸೊಪ್ಪು ಹಾಕುವವರು ಯಾರು?

ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳಗಳು ಹಸಿದಿದ್ದವು. ಆ ವಾರ ಕಳೆದು ಭಾನುವಾರ ಬೆಳಿಗ್ಗೆ ಮುನೇಶ ಹಿಪ್ಪುನೇರಳೆಯ ಕಡ್ಡಿಸೊಪ್ಪಿನ ಹೊರೆ ಇಳಿಸಿ ಒಳಗೆ ಬಂದಾಗ ಅಪ್ಪ ಮೂಲೆಯಲ್ಲಿ ಬಗ್ಗಿಕೊಂಡು ಏನನ್ನೋ ಆರಿಸಿ ಸುಣ್ಣದ ಮಡಕೆಗೆ ಹಾಕುತ್ತಿದ್ದ. ಮುನೇಶ ಹತ್ತಿರ ಹೋದ. ಹುಳ ಸಾಕುವ ಸ್ಟ್ಯಾಂಡಿನ ಕೆಳಗಿನ ಅಂತಸ್ತಿನ ಅಂಚಿನಲ್ಲಿ ಕೆಲವು ಹುಳ ಸೊಪ್ಪು ಬಿಟ್ಟು ಸುಮ್ಮಸುಮ್ಮನೆ ಹರಿದಾಡುತ್ತಿದ್ದವು. ಮೈ ಊದಿ ಹಳದಿಗೆ ತಿರುಗಿತ್ತು. ಒಂದರ ಚರ್ಮ ಒಡೆದು ಹಾಲಿನಂಥದು ಸೊಪ್ಪಿನ ಮೇಲೆ ಸೋರಿತ್ತು.

"ಯಾವಾಗಿಂದ?"

"ಬಾಯಿ ಮುಚ್ಕೊಂಡು ಸೊಪ್ಪು ಹಾಕು." ಅಪ್ಪ ತಲೆ ಎತ್ತಲಿಲ್ಲ. "ಮನೆಮನೆ ಬಾಗಿಲು ತಿರುಗಿ ಹೊತ್ಕೊಂಡ್ ಬಂದವ್ಳೆ ದರಿದ್ರನ. ಆಯ್ತು, ಸಾಕು ಕಾಲೇಜು."

"ಅವಳು ಇದರೊಳಕ್ಕೆ ಕಾಲೇ ಇಟ್ಟಿಲ್ವಲ್ಲ."

"ಗಾಳಿ ಸಾಲ್ದಾ?"

ಮುನೇಶ ಆ ಅಂತಸ್ತನ್ನೇ ನೋಡಿದ. ಮೇಲಿನದು ಚೆನ್ನಾಗಿತ್ತು. ಆ ಕಡೆಯ ಸಾಲೂ ಚೆನ್ನಾಗಿತ್ತು. ಹುಳ ಕೆಟ್ಟಿದ್ದ ಕಡೆ ಶ್ರೀರಾಮಪ್ಪನ ಮೂಟೆ ಒರಗಿತ್ತು.

"ಮಾವನ ಹುಳ ನಮಗಿಂತ ಮುಂದಿತ್ತು," ಎಂದ ನಿಧಾನವಾಗಿ. "ಗೂಡು ಕಟ್ಟಿಸೋ ಹೊತ್ನಲ್ಲಿ ಯಾರಾದ್ರೂ ಚಂದ್ರಿಕೆ ಬೇರೆಯೋರಿಗೆ ಕೊಡ್ತಾರಾ ಅಪ್ಪ? ಅವರ ಬೆಳೆ ಹೋಗಿತ್ತು. ತೊಳೀದೆ ಕೊಟ್ಟವ್ರೆ. ತೊಳೀದೆ ನಾನು ತಂದಿಟ್ಟಿದೀನಿ."

"ಗೊತ್ತು."

ಮುನೇಶ ಮೂಟೆಯಿಂದ ಅಪ್ಪನ ಕಡೆಗೆ ತಿರುಗಿದ.

"ಗೊತ್ತಿದ್ದೂ?"

"ನೋರು ಮೂಸ್ಕೋರಾ," ಬಾಯಿ ಮುಚ್ಚೋ ಎಂದು ಅಪ್ಪ ತೆಲುಗಿಗೆ ತಿರುಗಿದ. ಸಿಟ್ಟು ಬಂದಾಗ ಅವನ ಬಾಯಲ್ಲಿ ಕನ್ನಡ ಉಳಿಯುತ್ತಿರಲಿಲ್ಲ. ಆಮೇಲೆ ತಣ್ಣಗಾದ. "ಅವನು ನಿಮ್ಮಮ್ಮನ ಅಣ್ಣ. ಊರೋರು ಕೇಳಿದ್ರೆ ಅವನ ಹೆಸರು ಹೇಳಕ್ಕಾಗ್ತದಾ? ಕೇಳಿ ತರಿಸ್ಕೊಂಡೋನು ನಾನು, ನನ್ನ ಹೆಸರು ಹೇಳಕ್ಕಾಗ್ತದಾ? ಅವಳು ಹೆಂಗೂ ಬೈಸ್ಕೊಂತಾವ್ಳೆ. ಅವಳ ಮೇಲೇ ಇರ್ಲಿ ಬಿಡು."

ಮುನೇಶ ಹೊರಗೆ ಬಂದ. ಜಗುಲಿಯ ಮೇಲೆ ಚೈತನ್ಯ ಸೀಸೆಗಳನ್ನು ವಾಪಸು ಕೊಡಲೆಂದು ಒರೆಸಿ ಬುಟ್ಟಿಗೆ ಜೋಡಿಸುತ್ತಿದ್ದಳು. ಪಕ್ಕದಲ್ಲಿ ಅಮ್ಮ ಭಾರತಮ್ಮ ಅವಳ ತಲೆ ಬಾಚುತ್ತ, "ಹೋಗ್ಲಿ ಬಿಡೇ, ಓದಿದೋರೆಲ್ಲ ಏನ್ ಕಡಿದಾಕವ್ರೆ," ಎನ್ನುತ್ತಿದ್ದಳು. ಮುನೇಶ ಬುಟ್ಟಿಯನ್ನು ಎತ್ತಿಕೊಂಡು ಒಳಗೆ ಹೋದ.

ಊದಿದ ಹುಳಗಳನ್ನು ಬೆರಳಲ್ಲಿ ಎತ್ತಿ ಒಂದೊಂದಾಗಿ ಸೀಸೆಗೆ ಬಿಟ್ಟ. ಅಪ್ಪ ಬಾಗಿಲಲ್ಲಿ ನಿಂತ.

"ಅದು ಆಚೆಗೆ ಹೋದ್ರೆ ಈ ಮನೆ ಗೂಡು ಅಂದ್ರೆ ಜನ ನಗ್ತಾರೆ."

"ನಗ್ಲಿ."

"ಅವಳು ಹೋದ್ರೆ ಇಲ್ಲಿ ಯಾರೋ ಮಾಡೋರು?"

"ನಾನಿದೀನಲ್ಲ," ಎಂದ ಮುನೇಶ. "ಒಬ್ಬ ಸಾಲ್ದಾ?"

ಕೋದಂಡರಾಮಪ್ಪ ಮಗನ ಮುಖವನ್ನೇ ನೋಡಿದ. ಆಮೇಲೆ ಪಕ್ಕಕ್ಕೆ ಸರಿದ.

"ನಮ್ಮನೇದಾ ಅಣ್ಣ?" ಚೈತನ್ಯ ಸೀಸೆಯನ್ನು ಬೆಳಕಿಗೆ ಹಿಡಿದಳು. "ನನ್ನಿಂದಾನಾ?"

"ನನ್ನಿಂದ. ಮಾವ ಚಂದ್ರಿಕೆ ಕೊಟ್ರು, ನಾನು ತೊಳೀದೆ ತಂದೆ. ಮೇಡಂ ಕೇಳಿದ್ರೆ ಹಂಗೇ ಹೇಳು. ಕೋದಂಡರಾಮಪ್ಪನ ಮನೇದು ಅಂತಾನೂ ಹೇಳು."

"ಅಪ್ಪ ಒಪ್ಪಿದ್ರಾ?"

"ಬಸ್ಸಿನ ಹೊತ್ತಾಯ್ತು, ನಡಿ."

ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಕೋಲಾರದ ಬಸ್ಸಿಗೆ ಹತ್ತಿಸಿದ. ಕಿಟಕಿಯ ಪಕ್ಕ ಕೂತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು, "ಶನಿವಾರ ಬರ್ತೀನಿ," ಎಂದಳು.

"ಬರ್ಬೇಡ. ಅಲ್ಲೇ ಇರು."

ಅವಳು ಮತ್ತೇನೋ ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ನರಸಾಪುರದ ಫ್ಯಾಕ್ಟರಿಗೆ ಕೆಲಸದವರನ್ನು ಒಯ್ಯುವ ಕಂಪನಿ ಬಸ್ಸೊಂದು ಅದರ ಹಿಂದೆಯೇ ಹೊರಟಿತು. ಅದರಲ್ಲಿದ್ದ ಹುಡುಗರೆಲ್ಲ ಮುನೇಶನ ವಯಸ್ಸಿನವರೇ, ಬಾಯಿ ತೆರೆದು ನಿದ್ದೆ ಹೋಗಿದ್ದರು.

ವಾಪಸು ಬಂದಾಗ ಅಪ್ಪ ಹಿಪ್ಪುನೇರಳೆ ತೋಟದಲ್ಲಿದ್ದ. ಉಳಿದ ಹುಳಗಳಿಗೆ ಇವತ್ತೂ ಸೊಪ್ಪು ಬೇಕು. ಮುನೇಶ ಕುಡುಗೋಲು ತೆಗೆದುಕೊಂಡು ಪಕ್ಕದ ಸಾಲಿಗೆ ಇಳಿದ. ಇಬ್ಬರೂ ಕೊಯ್ದು ಎರಡು ಹೊರೆ ಕಟ್ಟಿದರು. ಕೋದಂಡರಾಮಪ್ಪ ಟವಲನ್ನು ಸಿಂಬೆ ಸುತ್ತಿ ತಲೆಗಿಟ್ಟುಕೊಂಡು ಹೊರೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಎತ್ತು ಎನ್ನಲಿಲ್ಲ. ಮುನೇಶ ಬಗ್ಗಿ ಹೊರೆಯನ್ನು ಎತ್ತಿ ಅವನ ತಲೆಯ ಮೇಲಿಟ್ಟ. ಅಪ್ಪ ಮೊಣಕಾಲಿಗೆ ಕೈಕೊಟ್ಟು ಎದ್ದು, ತಿರುಗಿ ನೋಡದೆ ಬದುವಿನ ಮೇಲೆ ನಡೆದುಹೋದ.

ಇನ್ನೊಂದು ಹೊರೆ ಸಾಲಿನ ನಡುವೆ ಬಿದ್ದಿತ್ತು. ಅದನ್ನು ಎತ್ತಿ ತಲೆಯ ಮೇಲಿಡಲು ಇನ್ನೊಬ್ಬರು ಬೇಕಿತ್ತು. ಮುನೇಶ ತಾನೂ ಸಿಂಬೆ ಸುತ್ತಿಕೊಂಡ. ಬಿಸಿಲಿಗೆ ಸೊಪ್ಪು ಅಂಚಿನಿಂದ ಬಾಡಲು ಶುರುವಾಗಿತ್ತು. ಅವನು ಅದರ ಪಕ್ಕದಲ್ಲಿ ನಿಂತೇ ಇದ್ದ.