ಎರಡು ಸಲ ತುಳಿದ ದಾರಿ

ರಸ್ತೆ ಮುಕಾದಮ ನಜೀರಸಾಬನಿಗೆ ವಾರಕ್ಕೊಮ್ಮೆ ಗಜೇಂದ್ರಗಡದ ಸುತ್ತಲಿನ ರಸ್ತೆಗಳನ್ನೆಲ್ಲ ಸೈಕಲ್ಲಿನ ಮೇಲೆ ತಿರುಗುವ ಕೆಲಸ. ಎಲ್ಲಿ ಖಡಿ ಕಿತ್ತಿದೆ, ಎಲ್ಲಿ ಮೋರಿ ಕುಸಿದಿದೆ ಎಂದು ನೋಡಿ ವರದಿ ಕೊಡಬೇಕು. ಒಂದು ರಸ್ತೆಯನ್ನೂ ಬಿಡುವ ಹಾಗಿಲ್ಲ. 1952ರ ಬೇಸಿಗೆಯಲ್ಲಿ ಅವನು ಹೈಸ್ಕೂಲಿನ ಗಣಿತದ ಮಾಸ್ತರ ಅಂದಪ್ಪನ ಮನೆಯ ಕಟ್ಟೆಯ ಮೇಲೆ ಕುಳಿತು, ನೋಡಿದ ರಸ್ತೆಯನ್ನೇ ಮತ್ತೆ ತುಳಿಯುವುದರಲ್ಲಿ ಅರ್ಧ ದಿನ ಹೋಗುತ್ತದೆ, ಇದಕ್ಕೇನಾದರೂ ಗಣಿತ ಉಂಟೇ ಎಂದು ಕೇಳಿದ.

ಅಂದಪ್ಪ ಊರುಗಳಿಗೆ ಚುಕ್ಕಿ, ರಸ್ತೆಗಳಿಗೆ ಗೆರೆ ಹಾಕಿಕೊಂಡು ಕುಳಿತ. ಮೂರು ದಿನಕ್ಕೆ ಒಂದು ಮಾತು ಹೊಳೆಯಿತು. ಪ್ರತಿ ಚುಕ್ಕಿಗೂ ಬಂದು ಸೇರುವ ಗೆರೆಗಳು ಸಮಸಂಖ್ಯೆಯಲ್ಲಿದ್ದರೆ ಯಾವ ದಾರಿಯನ್ನೂ ಎರಡು ಸಲ ತುಳಿಯದೆ ಮನೆಗೆ ಮರಳಬಹುದು. ಎಲ್ಲಿಯಾದರೂ ಮೂರೋ ಐದೋ ಗೆರೆ ಸೇರಿದರೆ ಕೆಲವು ದಾರಿಗಳನ್ನು ಮತ್ತೆ ತುಳಿಯಲೇಬೇಕು. ಹಾಗಾದರೆ ಯಾವುದನ್ನು ಮತ್ತೆ ತುಳಿದರೆ ಎಲ್ಲಕ್ಕಿಂತ ಕಡಿಮೆ ಮೈಲಿ ಆಗುತ್ತದೆ? ಅದು ಹೊಳೆಯಲಿಲ್ಲ.

ಇಂಥ ಗಣಿತವೇ ಒಂದು ಬೇರೆ ಶಾಖೆ ಎಂದು ಕಾಲೇಜಿನಲ್ಲಿ ಯಾರೋ ಹೇಳಿದ್ದ ನೆನಪು. ಪುಸ್ತಕ ಸಿಕ್ಕೀತೇ ಎಂದು ಅವನು ಚಂದ್ರಶೇಖರಪ್ಪನಿಗೆ ಕಾಗದ ಬರೆದ.

ಚಂದ್ರಶೇಖರಪ್ಪ ರೋಣದವನು. ಇಬ್ಬರೂ ಧಾರವಾಡದಲ್ಲಿ ನಾಲ್ಕು ವರ್ಷ ಒಂದೇ ಖೋಲಿಯಲ್ಲಿದ್ದು ಓದಿದವರು. ತಂದೆ ತೀರಿಕೊಂಡಾಗ ಅಂದಪ್ಪ ಓದು ಬಿಟ್ಟು ಊರಿನ ಮಗ್ಗದ ಮನೆಗೆ ಮರಳಿದ. ಚಂದ್ರಶೇಖರಪ್ಪ ಮುಂದೆ ಓದಿ, ಪುಣೆಯಲ್ಲಿ ಜರ್ಮನ್ ಭಾಷೆಯನ್ನೂ ಕಲಿತು, ಧಾರವಾಡದ ಕಾಲೇಜೊಂದರಲ್ಲಿ ಅಧ್ಯಾಪಕನಾಗಿದ್ದ.

ಉತ್ತರ ಬೇಗನೆ ಬಂತು. ಈ ವಿಷಯದ ಪುಸ್ತಕ ಧಾರವಾಡದಲ್ಲಂತೂ ಇಲ್ಲ, ಪುಣೆ ಮುಂಬಯಿಗಳಲ್ಲೂ ವಿಚಾರಿಸಿ ನೋಡಿದೆ, ಎಲ್ಲೂ ಇಲ್ಲ. ನೀನು ಹೊಸ ಹಾದಿ ಹಿಡಿದಿದ್ದೀ, ಬಿಡಬೇಡ, ಬಿಡಿಸಿದ್ದನ್ನೆಲ್ಲ ನನಗೆ ಕಳಿಸು ಎಂದು ನಾಲ್ಕು ಪುಟ ಬರೆದಿದ್ದ. ಕೊನೆಗೆ, ತನಗೆ ಹೊಳೆದದ್ದೆಂದು ಒಂದು ಪ್ರಶ್ನೆಯನ್ನೂ ಹಾಕಿದ್ದ.

ಅಲ್ಲಿಂದ ನಾಲ್ಕೂವರೆ ವರ್ಷ ಹೆಚ್ಚುಕಡಿಮೆ ತಿಂಗಳಿಗೊಂದು ಪ್ರಶ್ನೆ ಬಂತು. ಕೆಲವಕ್ಕೆ ವಾರ ಹಿಡಿಯಿತು, ಒಂದಕ್ಕೆ ಇಡೀ ಮಳೆಗಾಲ ಹಿಡಿಯಿತು. ಅಂದಪ್ಪ ಪ್ರತಿಯೊಂದನ್ನೂ ಬಿಡಿಸಿ, ಚಿತ್ರಗಳನ್ನು ಮಸಿಯಲ್ಲಿ ತಿದ್ದಿ ಕಳಿಸಿದ. ಈ ಊರಿನಲ್ಲಿ ಇದನ್ನು ತೋರಿಸಲು ಯಾರೂ ಇಲ್ಲ, ಜಗತ್ತಿನಲ್ಲಿ ನೀನೊಬ್ಬನೇ ಇದ್ದೀ ಎಂದು ಒಮ್ಮೆ ಬರೆದಿದ್ದ.

ಅವನ ಹೆಂಡತಿ ಸಾವಕ್ಕ ಮಗ್ಗದಲ್ಲಿ ಕುಳಿತವಳು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಲಾಳಿ ನಿಲ್ಲಿಸಿ ಕೇಳಿದಳು.

“ಅವರು ಬರೇ ಕೇಳತಾರಲ್ರಿ, ತಾವ ಒಂದರ ಬಿಡಿಸ್ಯಾರೇನು?”

ಅವನಿಗೆ ಕ್ಲಾಸುಗಳ ಕೆಲಸ ಬಹಳ ಎಂದು ಅಂದಪ್ಪ ಸಿಡುಕಿದ. ಆಕೆ ಮತ್ತೆ ಆ ಮಾತು ಎತ್ತಲಿಲ್ಲ.

1956ರ ದೀಪಾವಳಿಯ ಹೊತ್ತಿಗೆ ನಜೀರಸಾಬನ ಹಳೆಯ ಪ್ರಶ್ನೆಗೇ ಉತ್ತರ ಸಿಕ್ಕಿತು. ಯಾವುದೇ ಸುತ್ತುದಾರಿಯನ್ನು ತೆಗೆದುಕೊಂಡರೂ ಅದರಲ್ಲಿ ಎರಡು ಸಲ ತುಳಿಯುವ ರಸ್ತೆಗಳ ಮೈಲಿ, ಆ ಸುತ್ತಿನ ಒಟ್ಟು ಮೈಲಿಯ ಅರ್ಧಕ್ಕಿಂತ ಹೆಚ್ಚಾಗಬಾರದು. ಅಷ್ಟು ನೋಡಿಕೊಂಡರೆ ಅದೇ ಎಲ್ಲಕ್ಕಿಂತ ಚಿಕ್ಕ ತಿರುಗಾಟ. ನಜೀರಸಾಬ ಹಾಗೆಯೇ ತಿರುಗಿ ನೋಡಿ, ಹನ್ನೊಂದು ಮೈಲಿ ಉಳಿಯಿತೆಂದು ಬಂದು ಹೇಳಿದ. ಅಂದಪ್ಪ ಹದಿನಾಲ್ಕು ಪುಟಗಳನ್ನು ಶುದ್ಧವಾಗಿ ಬರೆದು ಧಾರವಾಡಕ್ಕೆ ಕಳಿಸಿದ. ನಾಲ್ಕು ಪುಟ ಬರೆಯುವ ಗೆಳೆಯ ಈ ಸಲ ಕಾರ್ಡಿನಲ್ಲಿ, ಮುಟ್ಟಿತು, ಚಲೋ ಇದೆ ಎಂದಷ್ಟೇ ಬರೆದ. ಆಮೇಲೆ ಪ್ರಶ್ನೆಗಳೂ ಬರಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಪರೀಕ್ಷೆಯ ಪೇಪರು ತಿದ್ದಲು ಅಂದಪ್ಪನಿಗೆ ಧಾರವಾಡಕ್ಕೆ ಕರೆ ಬಂತು. ಮೊದಲ ದಿನ ಸಂಜೆ ಅವನು ಗೆಳೆಯನ ಕಾಲೇಜಿಗೆ ಹೋದ. ಗೆಳೆಯ ಮನೆಗೆ ಹೋಗಿ ಆಗಿತ್ತು. ಸುಮ್ಮನೆ ಲೈಬ್ರರಿಗೆ ಹೊಕ್ಕು, ಗ್ರಂಥಪಾಲ ಮಹಾಲಿಂಗಪ್ಪನನ್ನು ಮಾತನಾಡಿಸಿ, ಚುಕ್ಕಿ ಗೆರೆಗಳ ಗಣಿತದ್ದೊಂದು ಪುಸ್ತಕವೂ ಭಾರತಕ್ಕೆ ಬಂದಿಲ್ಲವಂತಲ್ಲ ಎಂದ.

“ಯಾರ್ ಹೇಳಿದ್ರಿ? ನಮ್ಮಲ್ಲೇ ಐತಲ್ರಿ ಒಂದು, ಜರ್ಮನ್ದು,” ಎಂದ ಮಹಾಲಿಂಗಪ್ಪ. “ಯಾವಾಗಲೂ ಚಂದ್ರಶೇಖರಪ್ಪ ಸರ್ ಕಡೇನ ಇರತೈತಿ. ಈ ವಾರ ಪುಸ್ತಕಾ ಎಣಸೂದೈತಿ ಅಂತ ವಾಪಸ್ ತರಿಸೀನಿ.”

ಅವನು ಒಳಗಿನಿಂದ ದಪ್ಪ ಹಸಿರು ರಟ್ಟಿನ ಪುಸ್ತಕವನ್ನು ತಂದಿಟ್ಟ. ಅಂದಪ್ಪನಿಗೆ ಅದರ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ಚಿತ್ರಗಳನ್ನು ಓದಲು ಭಾಷೆ ಬೇಕಿರಲಿಲ್ಲ. ತಾನು ಮೂರು ದಿನ ಕುಳಿತು ಕಂಡುಕೊಂಡದ್ದು ಎರಡನೆಯ ಅಧ್ಯಾಯದಲ್ಲಿತ್ತು. ಮಳೆಗಾಲವನ್ನೆಲ್ಲ ನುಂಗಿದ ಚಿತ್ರ ನಡುವೆ ಎಲ್ಲೋ ಇತ್ತು, ಚುಕ್ಕಿಗಳು ಕೂಡ ಅವನು ಹಾಕಿದ ಜಾಗದಲ್ಲೇ ಇದ್ದವು. ಪುಸ್ತಕ ಅಚ್ಚಾಗಿ ಇಪ್ಪತ್ತು ವರ್ಷವಾಗಿತ್ತು. ಅಧ್ಯಾಯಗಳ ಕೊನೆಗೆ ಅಂಕಿ ಹಾಕಿದ ಪ್ರಶ್ನೆಗಳು. ಅವುಗಳ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಸಣ್ಣಗೆ, ಪರಿಚಿತ ಕೈಬರಹದಲ್ಲಿ, ‘ಅಂ. ಕಳಿಸಿದ’ ಎಂದು ತಾರೀಖು ಸಹಿತ ಬರೆದಿತ್ತು. ಎಣಿಸಿದರೆ ನಲವತ್ತಾರು ಇದ್ದವು. ಹಿಂದಿನ ರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಮೊದಲ ತಾರೀಖು 1952ರ ಜೂನ್ ತಿಂಗಳದ್ದು. ಅಲ್ಲಿಂದ ಕೆಳಗೆ ಒಂದೇ ಸಹಿ.

ಮಹಾಲಿಂಗಪ್ಪ ನೀರು ಬೇಕೇನ್ರಿ ಎಂದು ಕೇಳಿದ್ದು ಅವನಿಗೆ ತಡವಾಗಿ ಕೇಳಿಸಿತು.

ಚಂದ್ರಶೇಖರಪ್ಪನ ಮನೆಯಲ್ಲಿ ಅವನ ಹೆಂಡತಿ ದ್ರಾಕ್ಷಾಯಣಿ ಚಹಾ ತಂದಿಟ್ಟಳು. ನಿಮ್ಮ ಕಾಗದ ಬಂದ ದಿನ ಇವರಿಗೆ ಊಟದ ನೆನಪೂ ಇರುವುದಿಲ್ಲ, ಕುಳಿತು ನಕಲು ಮಾಡುತ್ತಿರುತ್ತಾರೆ ಎಂದು ಅಭಿಮಾನದಿಂದ ಹೇಳಿ ಒಳಗೆ ಹೋದಳು. ಅಂದಪ್ಪ ಹಸಿರು ಪುಸ್ತಕವನ್ನು ನೋಡಿ ಬಂದೆನೆಂದ.

ಚಂದ್ರಶೇಖರಪ್ಪ ಚಹಾದ ಕಪ್ಪನ್ನು ಕೆಳಗಿಟ್ಟ. “ನಿನಗ ಜರ್ಮನ್ ಬರೂದಿಲ್ಲ. ಪುಸ್ತಕ ಕಳಿಸಿದ್ರ ಏನ್ ಮಾಡ್ತಿದ್ದಿ?”

“ಅದು ನನಗ ಬಿಟ್ಟದ್ದು. ಇಲ್ಲ ಅಂತ ಯಾಕ ಬರದಿ?”

“ಐತಿ ಅಂದಿದ್ರ ನೀ ಓದ್ತಿದ್ದಿ. ಇಲ್ಲ ಅಂದದ್ದಕ್ಕ ನೀನ ಹುಡುಕಿದಿ.”

ಅಂದಪ್ಪ ತನ್ನ ಹದಿನಾಲ್ಕು ಪುಟಗಳನ್ನು ಮರಳಿ ಕೇಳಿದ. ಆ ಉತ್ತರ ಹಸಿರು ಪುಸ್ತಕದಲ್ಲಿ ಇರಲಿಲ್ಲ, ಅದನ್ನು ಅವನು ಎರಡೆರಡು ಸಲ ತಿರುವಿ ನೋಡಿ ಬಂದಿದ್ದ. ಆ ಪುಟಗಳನ್ನು ಇಂಗ್ಲಿಷಿಗೆ ಮಾಡಿ ಪತ್ರಿಕೆಯೊಂದಕ್ಕೆ ಕಳಿಸಿ ಆಯಿತೆಂದ ಚಂದ್ರಶೇಖರಪ್ಪ. ಯಾರ ಹೆಸರಿನಲ್ಲಿ ಎಂದು ಕೇಳಿದಾಗ ಬಾಗಿಲ ಕಡೆ ನೋಡಿದ.

“ಹೈಸ್ಕೂಲ್ ಮಾಸ್ತರ ಬರದದ್ದು ಅಂದ್ರ ಅವರು ಲಕೋಟಿನೂ ಒಡಿಯೂದಿಲ್ಲ, ಅಂದೂ.”

ಅಂದಪ್ಪ ಚಹಾ ಮುಟ್ಟದೆ ಎದ್ದ. ಉಳಿದ ಹತ್ತು ದಿನ ಪೇಪರು ತಿದ್ದಿ, ಸಂಜೆಗಳಲ್ಲಿ ಲೈಬ್ರರಿಯಲ್ಲಿ ಕುಳಿತು ಹಸಿರು ಪುಸ್ತಕದ ಚಿತ್ರಗಳನ್ನೆಲ್ಲ ಒಂದು ನೋಟುಬುಕ್ಕಿಗೆ ಇಳಿಸಿಕೊಂಡ. ಮಹಾಲಿಂಗಪ್ಪ ಕಾರಣ ಕೇಳಲಿಲ್ಲ, ಆದರೆ ದಿನಾಲೂ ಬಾಗಿಲು ಹಾಕುವುದನ್ನು ಅರ್ಧ ತಾಸು ತಡಮಾಡಿದ.

ಮಹಾಲಿಂಗಪ್ಪನೇ ಮರುವರ್ಷ ಆ ಪತ್ರಿಕೆಯ ಸಂಚಿಕೆಯನ್ನು ಟಪಾಲಿನಲ್ಲಿ ಕಳಿಸಿದ. ಲೇಖನದ ಮೇಲೆ ಚಂದ್ರಶೇಖರಪ್ಪನೊಬ್ಬನದೇ ಹೆಸರಿತ್ತು, ಕೊನೆಗೆ ಇಬ್ಬರು ಪ್ರಾಧ್ಯಾಪಕರಿಗೆ ಕೃತಜ್ಞತೆ ಹೇಳಿತ್ತು. ಅಂದಪ್ಪ ಅದನ್ನು ದಾಟಿ ಮತ್ತೆ ಮೊದಲಿನಿಂದ ಓದಿದ. ಮೂರನೆಯ ಪುಟದಲ್ಲಿ ತಪ್ಪು ಕಂಡಿತು. ಮೈಲಿಗಳ ಅರ್ಧ ಎಂದು ತಾನು ಬರೆದದ್ದನ್ನು ಗೆಳೆಯ ರಸ್ತೆಗಳ ಸಂಖ್ಯೆಯ ಅರ್ಧ ಎಂದು ಮಾಡಿದ್ದ. ನಜೀರಸಾಬನ ಹಿಂದೆ ಒಂದು ದಿನ ಸೈಕಲ್ ತುಳಿದಿದ್ದರೆ ಯಾರೂ ಹಾಗೆ ಬರೆಯುತ್ತಿರಲಿಲ್ಲ. ಮೂರು ರಸ್ತೆಗಳ ಒಂದು ಸುತ್ತಿನಲ್ಲಿ ಎರಡು, ಮೂರು, ಒಂಬತ್ತು ಮೈಲಿ ಇದ್ದರೆ, ಸಣ್ಣ ಎರಡನ್ನು ಮತ್ತೆ ತುಳಿದರೆ ಐದೇ ಮೈಲಿ. ಗೆಳೆಯನ ಲೆಕ್ಕ ಮೂರರಲ್ಲಿ ಎರಡು ಹೆಚ್ಚಾಯಿತೆಂದು ಒಂಬತ್ತು ಮೈಲಿಯ ರಸ್ತೆಗೆ ಕಳಿಸುತ್ತಿತ್ತು.

ಎಂಟು ದಿನ ಅವನು ಆ ಸುತ್ತನ್ನು ಮತ್ತೆ ಮತ್ತೆ ಲೆಕ್ಕ ಹಾಕಿ ನೋಡಿದ. ಆಮೇಲೆ ಸಾವಕ್ಕನಿಗೆ ಹೇಳಿದ. ಆಕೆ, ತಪ್ಪು ಹಾಗೇ ಉಳಿದರೆ ಮುಂದಿನವರು ಅದನ್ನೇ ಕಲಿಯುತ್ತಾರಲ್ಲ ಎಂದಳು. ಅವನು ಸಂಪಾದಕರಿಗೆ ಒಂದು ಪುಟ ಬರೆದ. ಯಾರು ಯಾರದನ್ನು ತೆಗೆದುಕೊಂಡರೆಂಬ ಮಾತನ್ನು ಬರೆಯಲಿಲ್ಲ. ತಪ್ಪನ್ನು, ಆ ಮೂರು ರಸ್ತೆಗಳ ಸುತ್ತನ್ನು, ಸರಿಯಾದ ನಿಯಮವನ್ನು ಬರೆದು ಹೆಸರು ವಿಳಾಸ ಹಾಕಿದ. ಅದು ಆರು ತಿಂಗಳ ಮೇಲೆ ತಿದ್ದುಪಡಿ ಎಂಬ ತಲೆಬರಹದ ಕೆಳಗೆ ಐದು ಸಾಲಾಗಿ ಅಚ್ಚಾಯಿತು. ತನ್ನದೇ ಲೆಕ್ಕವನ್ನು ತಿದ್ದಿದವನಾಗಿ ಅಂದಪ್ಪನ ಹೆಸರು ಮೊದಲ ಸಲ ಅಚ್ಚಿನಲ್ಲಿ ಬಂತು. ಮನೆಯಲ್ಲಿ ಯಾರಿಗೂ ಸಿಹಿ ಮಾಡಬೇಕೆನಿಸಲಿಲ್ಲ.

ಆ ವಾರವೇ ಧಾರವಾಡದಿಂದ ಕಾಗದ ಬಂತು. ಮೊದಲಿನ ಹಾಗೆ ನಾಲ್ಕು ಪುಟ. ನಿನ್ನನ್ನು ಗೆಳೆಯನೆಂದು ನಂಬಿದ್ದೆ, ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ, ತಪ್ಪಿದ್ದರೆ ಮೊದಲು ನನಗೆ ಬರೆಯಬಹುದಿತ್ತು, ಇಂಥ ದ್ರೋಹ ನಿನ್ನಿಂದ ಎಣಿಸಿರಲಿಲ್ಲ ಎಂದು ಚಂದ್ರಶೇಖರಪ್ಪ ಬರೆದಿದ್ದ. ಅವನು ಅದನ್ನು ಮನಸಾರೆ ಬರೆದಿದ್ದನೆಂಬುದು ಅಕ್ಷರಗಳಲ್ಲೇ ಕಾಣುತ್ತಿತ್ತು.

ಅಂದಪ್ಪ ಅದನ್ನು ಎರಡು ಸಲ ಓದಿ ಸಾವಕ್ಕನ ಕೈಗೆ ಕೊಟ್ಟ. ಆಕೆ ಓದಿ, ಏನು ಬರೆಯುತ್ತೀರಿ ಎಂದು ಕೇಳಿದಳು.

“ಐದು ವರ್ಷ ಬರದೇನಿ,” ಎಂದ ಅಂದಪ್ಪ. “ಇನ್ನ ಸಾಕು.”