ಐದು ನಿಂಬೆಹಣ್ಣಿನ ಬೆಳಕು

ನಿಂಬೆಹಣ್ಣಿನಿಂದ ಬಲ್ಬು ಹೊತ್ತಿರಲಿಲ್ಲ. ಮೇಜಿನ ಕಾಲಿನೊಳಗೆ ಎಳೆದಿದ್ದ ವೈರಿನಿಂದ ಹೊತ್ತಿತ್ತು. ವೈರು ಎಳೆದವನೂ, ಪರದೆಯ ಹಿಂದೆ ಕೂತು ಸ್ವಿಚ್ಚು ಒತ್ತಿದವನೂ ಹುಡುಗಿಯ ಅಪ್ಪ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಊರೆಲ್ಲ ಟೀವಿಯ ಮಕ್ಕಳ ವಿಜ್ಞಾನ ಕಾರ್ಯಕ್ರಮದಲ್ಲಿ ನೋಡಿತು. ಅವನ ತೋಳಿಗೆ ಒರಗಿ ಕೂತು ಮಗಳೂ ನೋಡಿದಳು.

ಮೂರು ವಾರ ಕಳೆದು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಅವಳು ಒಂದು ನಿಂಬೆಹಣ್ಣು, ತಾಮ್ರದ ತಂತಿ, ಸತುವಿನ ಮೊಳೆ, ಬಲ್ಬು ಇಟ್ಟುಕೊಂಡು ಬೆಳಗಿನಿಂದ ಕೊನೆಯ ಗಂಟೆಯವರೆಗೆ ನಿಂತಿದ್ದಳು. ಬಲ್ಬು ಹೊತ್ತಲಿಲ್ಲ. ಅಂಕ ಹಾಕಲು ಬಂದ ಮೇಷ್ಟ್ರು, "ನಾನೂ ಟೀವಿಲಿ ನೋಡಿದೀನಮ್ಮ, ಝಗ್ಗಂತ ಹೊತ್ತುತ್ತೆ. ನೀನೇ ಎಲ್ಲೋ ತಪ್ಪಿದೀಯ," ಎಂದರು. ಸಂಜೆಯೊಳಗೆ ಅವಳಿಗೆ 'ಫ್ಯೂಸಕ್ಕ' ಎಂಬ ಹೆಸರು ಬಿದ್ದಿತ್ತು.

"ಹಣ್ಣು ಬಾಡಿತ್ತೇನೋ ಬಿಡು," ಎಂದ ಅಪ್ಪ, ಅವಳ ಮುಖ ನೋಡದೆ. ಸೆಟ್ಟಿನ ಗುಟ್ಟು ಹೊರಗೆ ಬಿದ್ದರೆ ಮಾರನೆಯ ದಿನ ಗೇಟಿನೊಳಗೆ ಬಿಡುವುದಿಲ್ಲವೆಂದು ಕೆಲಸಕ್ಕೆ ಸೇರಿದ ದಿನವೇ ಅವನಿಗೆ ಹೇಳಿದ್ದರು.

ಅವನ ಆ ಒಂದು ಮಾತಿಗೆ ಅವಳು ತಿಂಗಳು ಕಳೆದಳು. ಬಾಡಿದ ಹಣ್ಣು, ತಾಜಾ ಹಣ್ಣು, ನೆಲದ ಮೇಲೆ ಉರುಳಿಸಿ ಮೆತ್ತಗೆ ಮಾಡಿದ ಹಣ್ಣು. "ಅಡುಗೆಗೆ ಒಂದಾದ್ರೂ ಬಿಡು ತಾಯಿ. ಸಾರಿಗೆ ಹಿಂಡೋಕೆ ಹೋದ್ರೆ ಮೊಳೆ ಕೈಗೆ ಬರುತ್ತೆ," ಎಂದು ಅವಳಮ್ಮ ಗೊಣಗಿದಳು. ಆಮೇಲೊಂದು ಬೆಳಿಗ್ಗೆ ಹುಡುಗಿ ಮೊಳೆಗಳನ್ನೆಲ್ಲ ತೊಳೆದು ಅಪ್ಪನ ಪೆಟ್ಟಿಗೆಗೆ ವಾಪಸು ಹಾಕಿ, ತನ್ನ ನೋಟ್‌ಬುಕ್ಕನ್ನು ಅವನ ಊಟದ ಚೀಲದಲ್ಲಿಟ್ಟಳು.

"ಇದನ್ನ ಪ್ರೊಫೆಸರಿಗೆ ತೋರಿಸ್ತೀಯಾ ಅಪ್ಪ? ನಾನು ಎಲ್ಲಿ ತಪ್ಪಿದೆ ಅಂತ ಬರೆದುಕೊಟ್ರೆ ಸಾಕು. ಇನ್ನು ಈ ತಂಟೆಗೆ ಹೋಗಲ್ಲ. ಸೈನ್ಸ್ ಕ್ಲಬ್ಬಿಂದ ಹೆಸರು ತೆಗೆಸಿಬಿಟ್ಟೆ."

ಕಾರ್ಯಕ್ರಮದಲ್ಲಿ ಪ್ರೊಫೆಸರ್ ಆಗುವ ನಟ ಬಿಳಿ ಕೋಟು ತೊಟ್ಟು ಮೇಕಪ್ ಕುರ್ಚಿಯಲ್ಲಿದ್ದ. ಒಳ್ಳೆಯ ಮನುಷ್ಯ. ಪುಟ ತಿರುವಿ ನಕ್ಕ. "ಇದೆಲ್ಲ ನನ್ನ ತಲೆಗೆ ಹತ್ತುತ್ತಾ ವೈರಣ್ಣ? ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದವನು ನಾನು." ಕೊನೆಯ ಪುಟದಲ್ಲಿ 'ಪ್ರಯತ್ನ ಬಿಡಬೇಡ ಪುಟ್ಟಿ' ಎಂದು ಬರೆದು, ದೊಡ್ಡದಾಗಿ ಸಹಿ ಹಾಕಿಕೊಟ್ಟ.

ಸಹಿಯ ಬಾಲ ಮಗಳ ಅಕ್ಷರದ ಮೇಲೆ ಹಾದುಹೋಗಿತ್ತು. ಅಪ್ಪ ಅದನ್ನು ಆಗ ಓದಿದ. 'ಐದು ಹಣ್ಣು, ಸಾಲಾಗಿ. ಚಿಕ್ಕ ಕೆಂಪು ಎಲ್ಇಡಿ ದೀಪ ಮಿಣುಕಿತು.' ಅವಳೇ ಅದಕ್ಕೆ ಅಡ್ಡಗೆರೆ ಎಳೆದಿದ್ದಳು. ಕೆಳಗೆ: 'ಇಲ್ಲ. ಕಣ್ಣಿನ ಭ್ರಮೆ. ಟೀವಿಯಲ್ಲಿ ಒಂದೇ ಹಣ್ಣು.'

ಇಪ್ಪತ್ತು ವರ್ಷ ವೈರು ಎಳೆದವನಿಗೆ ಗೊತ್ತಿತ್ತು. ಐದು ಹಣ್ಣಿಗೆ ಬರುವುದೇ ಅಷ್ಟು ಬೆಳಕು. ಅವಳು ಸರಿಯಾಗಿ ಮಾಡಿದ್ದಳು, ಸರಿಯಾದದ್ದನ್ನೇ ಕಂಡಿದ್ದಳು. ಕಂಡದ್ದನ್ನು ತನ್ನ ಕೈಯಾರೆ ಹೊಡೆದುಹಾಕಿದ್ದಳು.

ನೋಟ್‌ಬುಕ್ ಹಿಡಿದು ಡೈರೆಕ್ಟರ ಹತ್ತಿರ ಹೋದ. "ಸಾರ್, ಒಂದು ಹಣ್ಣಿಗೆ ಹೊತ್ತಲ್ಲ ಅಂತ ಈ ವಾರ ಒಂದು ಮಾತು ಹೇಳಿಸಿಬಿಡಿ."

"ಹೇಳಿಸಿದ್ರೆ ಯಾರು ನೋಡ್ತಾರೆ ವೈರಣ್ಣ? ಪಾಠ ಹೇಳೋಕೆ ಶಾಲೆ ಇದೆ. ನಾವು ರುಚಿ ಹತ್ತಿಸ್ತೀವಿ. ನಿನ್ನ ಮಗಳು ಇಷ್ಟೆಲ್ಲ ಬರೆದಿದಾಳಲ್ಲ, ಯಾರಿಂದ? ನಮ್ಮಿಂದ ತಾನೆ?"

ಅದು ಸುಳ್ಳಾಗಿರಲಿಲ್ಲ. ಆ ಕಾರ್ಯಕ್ರಮ ನೋಡಿಯೇ ಅವಳು ಮೊದಲು ಮೊಳೆ ಕೇಳಿದ್ದು.

"ರುಚಿ ಹತ್ತಿತ್ತು ಸಾರ್," ಎಂದ ಅವನು. "ಈಗ ಉಗಿದುಬಿಟ್ಲು."

ಡೈರೆಕ್ಟರ್ ಗಡಿಯಾರ ನೋಡಿದ. "ಮಕ್ಕಳು ಕಾಯ್ತಿದಾರೆ. ಹೋಗಿ ಕೂತ್ಕೊ."

ಅಂದಿನ ಪ್ರಯೋಗ ಆಲೂಗಡ್ಡೆಯಿಂದ ತಿರುಗುವ ಫ್ಯಾನು. ಮೆಟ್ಟಿಲ ಮೇಲೆ ಸಮವಸ್ತ್ರದ ನಲವತ್ತು ಮಕ್ಕಳು. ಪ್ರೊಫೆಸರ್ ಆಲೂಗಡ್ಡೆಗೆ ತಂತಿ ಚುಚ್ಚಿ, ಹುಬ್ಬು ಹಾರಿಸಿ, ಮೂರರಿಂದ ಹಿಂದಕ್ಕೆ ಎಣಿಸಿದ. ಫ್ಯಾನು ಅಲ್ಲಾಡಲಿಲ್ಲ. ಆದರೆ ಚಪ್ಪಾಳೆಗೆ ಸನ್ನೆ ಮಾಡುವ ಹೆಂಗಸು ಆಗಲೇ ಫಲಕ ಎತ್ತಿಬಿಟ್ಟಿದ್ದಳು. ನಲವತ್ತು ಮಕ್ಕಳೂ ತಿರುಗದೆ ನಿಂತಿದ್ದ ಫ್ಯಾನನ್ನು ನೋಡುತ್ತ ಚಪ್ಪಾಳೆ ತಟ್ಟಿದರು.

ಡೈರೆಕ್ಟರ್ ಪರದೆ ಸರಿಸಿ ಬಗ್ಗಿದ. "ನಿದ್ದೆ ಬಂತೇನೋ? ಇನ್ನೊಂದು ಸಲ ತಗೋತೀವಿ. ಎಣಿಸಿದ ತಕ್ಷಣ ಒತ್ತು."

ಪರದೆಯಾಚೆ ಫಲಕ ಇನ್ನೂ ಇಳಿದಿರಲಿಲ್ಲ. ಮಕ್ಕಳು ತಟ್ಟುತ್ತಲೇ ಇದ್ದರು. ಅವನು ಸ್ವಿಚ್ಚಿನ ಮೇಲಿನ ಕೈ ತೆಗೆದ. ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ಚಳಿ ಹತ್ತಿದವನ ಹಾಗೆ ಕೂತ.

"ಒತ್ತಲ್ಲ ಸಾರ್."