ಇಪ್ಪತ್ತೊಂದು ಮನೆಯ ಉಡದಾರ

ಹುಣಸೆಹುಳಿ ಹಚ್ಚಿ ತಿಕ್ಕಿದ ಮೇಲೆ ಬೆಳ್ಳಿ ಹೀಗೇ, ಒಂದು ಗಳಿಗೆ ಕಣ್ಣಿಗೆ ಚುಚ್ಚುವಷ್ಟು ಬೆಳ್ಳಗಾಗುತ್ತದೆ, ಆಮೇಲೆ ತಣ್ಣಗಾಗುತ್ತದೆ — ಆಗಲಿ, ಕಣ್ಣಿಗೂ ಸಾಕಾಗಿದೆ, ಸೊಂಟಕ್ಕೂ ಸಾಕಾಗಿದೆ, ಹನ್ನೆರಡು ದಿನ ಅಗ್ಗಿಷ್ಟಿಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುಗೊಳವೆ ಊದಿ ಊದಿ ಹಂಪಣ್ಣ ಪತ್ತಾರನ ಕೆನ್ನೆ ಜೋತುಬಿದ್ದಿವೆ, ಆದರೂ ಮುಗಿಯಿತು, ಕೂಸಿನ ನಡುವಿಗೆ ಕಟ್ಟುವ ಉಡದಾರ, ಇಪ್ಪತ್ತೊಂದು ಕೊಂಡಿ, ರಂಗಂಪೇಟೆಯ ಇಪ್ಪತ್ತೊಂದು ಮನೆಯ ಬೆಳ್ಳಿ, ಮನೆಗೊಂದು ಕೊಂಡಿ. ಎಲ್ಲವನ್ನೂ ಒಂದೇ ಮೂಸೆಗೆ ಹಾಕಿ ಕರಗಿಸಿದ್ದರೆ ಎರಡೇ ದಿನದ ಕೆಲಸ, ಬೇಡ, ಬೇರೆ ಬೇರೆ ಕರಗಿಸು, ಕೊಟ್ಟವರು ತಮ್ಮ ಬೆಳ್ಳಿಯನ್ನು ಬೆರಳಿಟ್ಟು ಗುರುತಿಸುವಂತಿರಲಿ ಎಂದಿತ್ತು ಬುದ್ಧಿ, ಆ ಬುದ್ಧಿಗಿಷ್ಟು ಬೆಂಕಿ ಹಾಕ. ಇದು ಸುಗಲಮ್ಮನ ಮುರಿದ ಕಡಗ, ತುಸು ಕೆಂಪು, ತಾಮ್ರ ಹೆಚ್ಚು, ಅವಳ ಗಂಡ ಯಾದಗಿರಿ ಪೇಟೆಯಲ್ಲಿ ಮೋಸಹೋಗಿ ತಂದದ್ದು, ಇದು ದೇವಕಮ್ಮನ ಕುಂಕುಮ ಭರಣಿಯ ಮುಚ್ಚಳ, ಇದು ನಬಿಸಾಬನ ಹೆಂಡತಿ ಪರದೆಯ ಹಿಂದಿನಿಂದ ಚಾಚಿದ ತಾಯಿತ, ನಮ್ ಕೂಸುಗಳೂ ಅಲ್ಲೇ ಹುಟ್ತಾವಲ್ರಿ ಅಣ್ಣಾರ ಎಂದಿದ್ದಳು ಆಕೆ. ಅಲ್ಲೇ ಅಂದರೆ ಹೆರಿಗೆ ದವಾಖಾನೆಯಲ್ಲಿ, ಇನ್ನೂ ಒಂದು ಕಲ್ಲೂ ಬಿದ್ದಿಲ್ಲ, ಅದಕ್ಕೇ ಈ ಚಂದಾ, ಜನ ಸೇರಿಸಿ ಜಲ್ಸಾ ಮಾಡಲು ನಿಜಾಮ ಸರ್ಕಾರದ ಇಜಾಜತ್, ಒಪ್ಪಿಗೆಯ ಕಾಗದ, ಬರುವುದಕ್ಕೇ ಐದು ತಿಂಗಳು ಹಿಡಿಯಿತು, ಇವತ್ತು ಮಧ್ಯಾಹ್ನ ಎಲ್ಲರೆದುರು ಉಡದಾರದ ಸವಾಲ್, ಹೆಚ್ಚು ಕೂಗಿದವರ ಮನೆಯ ಕೂಸಿಗೆ ಇದು. ಹತ್ತು, ಹನ್ನೊಂದು, ಹನ್ನೆರಡು — ಬೆರಳು ಹನ್ನೆರಡನೆಯದರ ಮೇಲೆ ನಿಂತುಬಿಡುತ್ತದೆ, ಹನ್ನೆರಡನೆಯದು ಮಗಳು ಕಲ್ಯಾಣಿಯದು, ಅಲ್ಲ, ಕಲ್ಯಾಣಿಯದಾಗಬೇಕಿತ್ತು.

ಅವಳ ಕಾಲ್ಬೆರಳ ಸುತ್ತ ಬಿಳಿ ಗೆರೆ. ಮಗಳ ಮದುವೆಗೆ ಆ ಕಾಲುಂಗುರ ಬಡಿದವನೂ ಅವನೇ, ಕತ್ತರಿಸಿದವನೂ ಅವನೇ, ಅಳಿಯ ವಾಂತಿಭೇದಿಗೆ ತೀರಿಹೋದಾಗ ಅವಳು ಎಂಟು ತಿಂಗಳ ಬಸುರಿ, ಕಾಲು ಬಾತು ಉಂಗುರ ಬೆರಳೊಳಗೆ ಹೂತಿದ್ದವು, ತೆಗೆಯಲು ಬಂದ ಮುದುಕಿಯರು ಎಣ್ಣೆ ಹಚ್ಚಿದರು, ಜಗ್ಗಿದರು, ಬರಲಿಲ್ಲ, ನೀನ ಕತ್ತರಿಸು ಹಂಪಣ್ಣ, ನಿನ್ನ ಕೈಯಾಗ ಕತ್ತರಿ ಅದ ಎಂದರು, ಕತ್ತರಿಸಿದ, ಕೆಳಗೆ ಆ ಗೆರೆ ಇತ್ತು, ಬಿಳಿ, ಹಸಿ. ಆರು ದಿನಕ್ಕೆ ನೋವು ಶುರು, ಯಾದಗಿರಿ ದವಾಖಾನೆಗೆಂದು ಬಂಡಿ ಕಟ್ಟಿದ್ದು, ಬಂಡಿಯಲ್ಲೇ ಹೆರಿಗೆ, ಶಹಾಪುರ ದಾಟುವುದರೊಳಗೆ ಕೂಸು ಅಳುವುದನ್ನು ನಿಲ್ಲಿಸಿತ್ತು, ಎತ್ತಿನ ಗಂಟೆ ಮಾತ್ರ ನಿಲ್ಲಲಿಲ್ಲ. ಮೂರು ವರ್ಷ ಬಾಯಿಬಿಡದವಳು ಚಂದಾ ಎಂದ ಕೂಡಲೇ ಗಂಟು ಬಿಚ್ಚಿ ಆ ಕಾಲುಂಗುರದ ತುಂಡುಗಳನ್ನು ಅವನ ಅಂಗೈಗೆ ಹಾಕಿದಳು, ಯಪ್ಪಾ, ನಂದೂ ಒಂದ್ ಕೊಂಡಿ ಹಾಕು. ಹಾಕ್ತೀನವ್ವಾ ಎಂದ, ಮನಸ್ಸಿಟ್ಟೇ ಎಂದ. ಆದರೆ ಮೊನ್ನೆ ಚಂದಾದ ಮುಂದಾಳು ಬಸವಂತ್ರಾಯರು ಹೊಸ್ತಿಲಲ್ಲಿ ನಿಂತು ದನಿ ತಗ್ಗಿಸಿದರು, ತಪ್ಪ ತಿಳಕೋಬ್ಯಾಡ ಹಂಪಣ್ಣ, ಗಂಡ ಸತ್ತಾಕಿ ಕಾಲಾಗಿಂದು ಕೂಸಿನ ಮೈಮ್ಯಾಲ ಹಾಕ್ತಾರೇನು, ಗೊತ್ತಾದ್ರ ಒಬ್ರೂ ಸವಾಲ್ ಕೂಗಂಗಿಲ್ಲ, ದವಾಖಾನಿ ಅಲ್ಲಿಗೇ ಮುಗೀತು ನೋಡು. ಅವರದೇನು ತಪ್ಪು, ಮೂವತ್ತು ವರ್ಷದಲ್ಲಿ ಅವನೇ ಅಂಥ ಬೆಳ್ಳಿಯನ್ನು ಮದುಮಕ್ಕಳಿಗಾಗಲಿ ಕೂಸಿಗಾಗಲಿ ಬಳಸಿದವನಲ್ಲ, ಬಂದದ್ದನ್ನು ಬದಿಗಿಟ್ಟು ಪರಊರಿನವರಿಗೆ ಮಾರಿದವನು. ಹೌದ್ರಿ ಸಾವ್ಕಾರ್ರ ಎಂದುಬಿಟ್ಟ, ಅವರು ಹೋದ ಮೇಲೆ ತನ್ನ ನಶ್ಯದ ಡಬ್ಬಿಯ ಬೆಳ್ಳಿ ಮುಚ್ಚಳ ಕಿತ್ತು ಕರಗಿಸಿದ, ಈಗ ಹನ್ನೆರಡನೆಯ ಕೊಂಡಿ ಅದು, ಕಟ್ಟಿಸಿಕೊಂಡ ಕೂಸು ದಿನಾ ಸೀನುತ್ತದೋ ಏನೋ, ನಗು ಬರಬೇಕಿತ್ತು, ಬರಲಿಲ್ಲ, ಕಾಲುಂಗುರದ ತುಂಡುಗಳು ಅವನ ಅಡಕೆ ಚೀಲದಲ್ಲೇ ಇವೆ, ಕೂತರೆ ನಿಂತರೆ ತೊಡೆಗೆ ಒತ್ತುತ್ತವೆ.

ಯಪ್ಪಾ, ಮುಗೀತೇನು — ಕಲ್ಯಾಣಿ, ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಇಟ್ಟವಳು ಎದುರಿಗೇ ಕುಕ್ಕರಿಸುತ್ತಾಳೆ, ನಂದು ಯಾವ್ದು ತೋರ್ಸು. ಹೇಳಿಬಿಡು, ಹಾಕಲಿಲ್ಲವ್ವಾ ಎಂದುಬಿಡು, ಇಲ್ಲದಿದ್ದರೆ ಏಳು, ಬೆಂಕಿ ಇನ್ನೂ ಇದೆ, ಒಂದು ಕೊಂಡಿ ಬಿಡಿಸಿ ಇನ್ನೊಂದು ಬೆಸೆಯಲು ಎಷ್ಟು ಹೊತ್ತು, ಬಸವಂತ್ರಾಯರು ಕೇಳಿದರೆ ಇಲ್ರಿ ಎಂದರಾಯಿತು — ಅನ್ನಲಾರೆ, ಅವರ ಮುಖ ನೋಡಿ ಸುಳ್ಳು ಹೇಳಲಾರೆ, ಇದು ಅವ್ವಾ, ಇದು ನಿಂದು ಎಂದುಬಿಟ್ಟ, ಬೆರಳು ತಾನಾಗಿ ಹನ್ನೆರಡನೆಯದನ್ನು ಮುಟ್ಟಿದೆ, ಸಾವ್ಕಾರರ ಮುಂದೆ ಹೊರಳದ ನಾಲಿಗೆ ಇವಳ ಮುಂದೆ ಎಷ್ಟು ಸಲೀಸಾಗಿ ಹೊರಳಿತು. ಅವಳು ಕೊಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು, ಯಾರ ಕೂಸರೆ ಇರ್ಲಿ ಯಪ್ಪಾ, ಇದನ್ನ ಕಟ್ಕೊಂಡು ಅದು ಅಂಗಳದಾಗ ಓಡಾಡಿದ್ರ, ನಂದೂ ಒಂದೀಟು ಓಡಾಡಿದಂಗ. ನಗುತ್ತಿದ್ದಾಳೆ, ಮೂರು ವರ್ಷದಲ್ಲಿ ಮೊದಲ ಸಲ, ಆ ನಗುವನ್ನು ನೋಡಲಾಗದೆ ಹಂಪಣ್ಣ ತಲೆ ತಗ್ಗಿಸಿದ, ತಗ್ಗಿಸಿದರೆ ಅವಳ ಪಾದ, ಎರಡನೆಯ ಬೆರಳು, ಬಿಳಿ ಗೆರೆ, ಅವನು ಎಷ್ಟು ಅಳತೆಗೆ ಬಡಿದಿದ್ದನೋ ಅಷ್ಟೇ ಅಗಲ, ಬೆರಳನ್ನು ಪೂರ್ತಿ ಸುತ್ತಿಕೊಂಡು — ಅವನು ಕತ್ತರಿಸಿದ ಜಾಗ ಮಾತ್ರ ಅದರಲ್ಲಿ ಎಲ್ಲಿಯೂ ಇರಲಿಲ್ಲ.